ಫುಟ್‌ಬಾಲ್ ಕ್ಲಬ್‌ನ ಟಿವಿ ಚಾನೆಲ್‌ಗೆ ಚಂದಾ ಕಟ್ಟುವ ಮುನ್ನ

ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನ ಹೊಸ ಸೀಸನ್ ಹತ್ತಿರವಾದಂತೆ ಕ್ಲಬ್‌ಗಳ ಸ್ವಂತ ಟಿವಿ ಚಾನೆಲ್‌ನ ಜಾಹೀರಾತುಗಳು ನಮ್ಮ ಫೋನ್‌ಗಳಲ್ಲಿ ಶುರುವಾಗುತ್ತವೆ. ದುಡ್ಡು ಕಟ್ಟಲು ಹೊರಟವರು ಒಂದು ವಿಷಯ ಮೊದಲೇ ತಿಳಿದುಕೊಳ್ಳಿ: ಆ ಚಾನೆಲ್‌ನಲ್ಲಿ ನಿಮ್ಮ ತಂಡದ ಲೀಗ್ ಮ್ಯಾಚ್ ಲೈವ್ ಬರುವುದಿಲ್ಲ. ಈ ಸೀಸನ್‌ನಲ್ಲೂ ಇಲ್ಲ, ಮುಂದಿನ ಸೀಸನ್‌ನಲ್ಲೂ ಬರುವ ಲಕ್ಷಣ ಕಾಣುತ್ತಿಲ್ಲ.

ನಾನು ಬೆಂಗಳೂರಿನವನು. ಚಿಕ್ಕಂದಿನಿಂದ ಬೆಂಬಲಿಸುತ್ತಾ ಬಂದ ಇಂಗ್ಲೆಂಡಿನ ಕ್ಲಬ್ ಒಂದರ ಚಾನೆಲ್‌ಗೆ ಇಡೀ ವರ್ಷದ ಚಂದಾ ಕಟ್ಟಿದೆ. ಕ್ಲಬ್‌ನ ಹೆಸರು ಇಲ್ಲಿ ಬೇಡ, ಏಕೆಂದರೆ ಲೈವ್ ಬಾರದಿರುವುದು ಆ ಒಂದು ಕ್ಲಬ್‌ಗೆ ಮಾತ್ರ ಸೇರಿದ ಮಾತಲ್ಲ. ಜಾಹೀರಾತಿನ ತುಂಬ ಹೋದ ಸೀಸನ್‌ನ ಲೀಗ್ ಗೋಲ್‌ಗಳು, ತುಂಬಿ ತುಳುಕುವ ಸ್ಟೇಡಿಯಂ. ಜುಲೈನಲ್ಲಿ ಸೀಸನ್‌ಗೆ ಮುಂಚಿನ ಸ್ನೇಹಪಂದ್ಯಗಳು ನಿಜವಾಗಿಯೂ ಲೈವ್ ಬಂದವು. ಚಿತ್ರವೂ ಚೆನ್ನಾಗಿತ್ತು, ಕಾಮೆಂಟರಿಯೂ ಚೆನ್ನಾಗಿತ್ತು. ಕೊಟ್ಟ ದುಡ್ಡಿಗೆ ಮೋಸವಿಲ್ಲ ಎಂದು ಗೆಳೆಯರಿಗೂ ಹೇಳಿದೆ, ಇಬ್ಬರು ಸೇರಿಕೊಂಡರು. ಆಗಸ್ಟ್‌ನಲ್ಲಿ ಲೀಗ್ ಶುರುವಾಯಿತು. ಮ್ಯಾಚ್ ಹೊತ್ತಿಗೆ ಆಪ್ ತೆರೆದರೆ ಸ್ಟುಡಿಯೋದಲ್ಲಿ ಕುಳಿತ ಮಾಜಿ ಆಟಗಾರರು ತಮ್ಮ ಮುಂದಿನ ಪರದೆ ನೋಡುತ್ತಾ ಮಾತಾಡುತ್ತಿದ್ದರು. ಆ ಪರದೆಯಲ್ಲಿ ನಡೆಯುತ್ತಿದ್ದ ಆಟ ನಮಗಿಲ್ಲ, ನಮಗೆ ಧ್ವನಿ ಮಾತ್ರ. ಮುಗಿದ ಮೇಲಾದರೂ ಪೂರ್ತಿ ಮ್ಯಾಚ್ ಸಿಗುತ್ತದೆಯೇ ಎಂದು ನೋಡಿದರೆ, ಭಾರತದಲ್ಲಿ ಈ ವಿಡಿಯೋ ಲಭ್ಯವಿಲ್ಲ ಎಂಬ ಒಂದು ಸಾಲು. ಚಂದಾ ಕಟ್ಟಿಸಿಕೊಳ್ಳುವಾಗ ನಾನು ಭಾರತದಲ್ಲಿರುವುದು ಅವರಿಗೆ ಅಡ್ಡಿಯಾಗಿರಲಿಲ್ಲ. ಇದು ನನ್ನನ್ನು ಇಂದಿಗೂ ಕೆರಳಿಸುತ್ತದೆ.

ಹೀಗೇಕೆ ಎಂದು ಹುಡುಕುತ್ತಾ ಹೋದಾಗ ಇದರ ಹಿಂದಿನ ಕಥೆ ಸಿಕ್ಕಿತು. 1992ರಲ್ಲಿ ಪ್ರೀಮಿಯರ್ ಲೀಗ್ ಹುಟ್ಟಿದಾಗಿನಿಂದ ಲೀಗ್ ಪಂದ್ಯಗಳ ನೇರಪ್ರಸಾರದ ಹಕ್ಕನ್ನು ಮಾರುವುದು ಲೀಗ್, ಒಂದೊಂದು ಕ್ಲಬ್ ಅಲ್ಲ. ಎಲ್ಲ ಕ್ಲಬ್‌ಗಳ ಹಕ್ಕನ್ನೂ ಒಟ್ಟಿಗೆ ಮಾರಿ ಬಂದ ಹಣವನ್ನು ಹಂಚಿಕೊಳ್ಳುತ್ತಾರೆ. ತೊಂಬತ್ತರ ದಶಕದ ಕೊನೆಗೆ ಈ ಪದ್ಧತಿ ಮುರಿದು ಬೀಳಬಹುದು ಎಂಬ ಗಾಳಿ ಎದ್ದಿತ್ತು. ಒಟ್ಟಾಗಿ ಮಾರುವುದು ಸ್ಪರ್ಧೆಗೆ ಧಕ್ಕೆ ಎಂದು ಬ್ರಿಟನ್ನಿನ ವ್ಯಾಪಾರ ನಿಯಂತ್ರಣ ಕಚೇರಿಯೇ ಕೋರ್ಟಿಗೆ ಹೋಗಿತ್ತು. ಅದು ಗೆದ್ದಿದ್ದರೆ ಪ್ರತಿ ಕ್ಲಬ್ ತನ್ನ ಪಂದ್ಯಗಳನ್ನು ತಾನೇ ಮಾರಬಹುದಿತ್ತು. ಈ ಗಾಳಿಯ ನಡುವೆಯೇ 1997ರಲ್ಲಿ ಮಿಡಲ್ಸ್‌ಬರೋ ಕ್ಲಬ್ ಕೇಬಲ್‌ನಲ್ಲಿ ತನ್ನದೇ ಚಾನೆಲ್ ಬೋರೋ ಟಿವಿ ತಂದಿತು. 1998ರ ಸೆಪ್ಟೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್, ಬಿಸ್ಕೈಬಿ ಮತ್ತು ಗ್ರಾನಡಾ ಎಂಬ ಟಿವಿ ಕಂಪನಿಗಳ ಜೊತೆ ಸೇರಿ ತನ್ನ ಚಾನೆಲ್ ಎಂಯುಟಿವಿ ಶುರು ಮಾಡಿತು. ಅದೇ ವಾರ ಬಿಸ್ಕೈಬಿ ಆ ಕ್ಲಬ್ಬನ್ನೇ 62.3 ಕೋಟಿ ಪೌಂಡ್‌ಗೆ ಕೊಳ್ಳಲು ಮುಂದಾಯಿತು. ಸರ್ಕಾರ 1999ರಲ್ಲಿ ಆ ಖರೀದಿಯನ್ನು ತಡೆಯಿತು. ಅದೇ ವರ್ಷ ಜುಲೈನಲ್ಲಿ ಕೋರ್ಟ್ ತೀರ್ಪೂ ಬಂತು: ಲೀಗ್ ಗೆದ್ದಿತು, ಒಟ್ಟಾಗಿ ಮಾರುವ ಪದ್ಧತಿ ಉಳಿಯಿತು.

ಆ ಪದ್ಧತಿ ಸರಿ ಎಂದೇ ನನ್ನ ನಂಬಿಕೆ. ಅದಿಲ್ಲದಿದ್ದರೆ ಸಣ್ಣ ಕ್ಲಬ್‌ಗಳು ಉಸಿರಾಡುವುದೇ ಕಷ್ಟವಿತ್ತು. ಆದರೆ ಚಾನೆಲ್‌ಗಳು ಮಾತ್ರ ಹಾಗೆಯೇ ಉಳಿದುಕೊಂಡವು, ಬಹುಮುಖ್ಯವಾದದ್ದೇ ಕೈಯಲ್ಲಿಲ್ಲದೆ. ಉಳಿದಿದ್ದು ಪತ್ರಿಕಾಗೋಷ್ಠಿ, ತರಬೇತಿಯ ದೃಶ್ಯ, ಹಳೆಯ ಪಂದ್ಯಗಳು, ಅಕಾಡೆಮಿ ಹುಡುಗರ ಆಟ, ಸ್ನೇಹಪಂದ್ಯಗಳು. ಅಕಾಡೆಮಿ ಆಟದ ಹುಚ್ಚಿರುವವರಿಗೆ, ಎಂಬತ್ತರ ದಶಕದ ಪಂದ್ಯಗಳನ್ನು ಕೂತು ನೋಡುವವರಿಗೆ ಇಷ್ಟೇ ಸಾಕು. ಅಂಥವರು ಖುಷಿಯಾಗಿ ಕಟ್ಟಲಿ. ಲೀಗ್ ಮ್ಯಾಚ್ ಬೇಕಾದವರು ಇಲ್ಲಿನ ಪ್ರಸಾರ ಹಕ್ಕು ಯಾರ ಬಳಿ ಇದೆಯೋ ಅವರ ಚಂದಾ ಮಾತ್ರ ಕಟ್ಟಿ. ಭಾರತದಲ್ಲಿ ವರ್ಷಗಳಿಂದ ಅದು ಸ್ಟಾರ್ ಸ್ಪೋರ್ಟ್ಸ್‌ನಲ್ಲಿ ಬರುತ್ತಿದೆ. ಪ್ರೀಮಿಯರ್ ಲೀಗ್‌ಗಿಂತ ಕೆಳಗಿನ ಡಿವಿಷನ್‌ಗಳ ಮಾತು ಸ್ವಲ್ಪ ಬೇರೆ. ಅವನ್ನು ನಡೆಸುವ ಇಂಗ್ಲಿಷ್ ಫುಟ್‌ಬಾಲ್ ಲೀಗ್ 2017ರಲ್ಲಿ ತಂದ ಐಫಾಲೋ ಎಂಬ ಆನ್‌ಲೈನ್ ಸೇವೆಯಲ್ಲಿ ವಿದೇಶದ ಅಭಿಮಾನಿಗಳಿಗೆ ಎಷ್ಟೋ ಲೀಗ್ ಪಂದ್ಯಗಳು ಲೈವ್ ಸಿಗುತ್ತಿದ್ದವು. ಹಾಗಾಗಿ ಕ್ಲಬ್ ಯಾವ ಲೀಗ್‌ನದ್ದು, ನೀವಿರುವ ದೇಶದಲ್ಲಿ ಏನೇನು ಲೈವ್ ಎನ್ನುವುದನ್ನು ಷರತ್ತುಗಳ ಪುಟದಲ್ಲೇ ನೋಡಿ. ಜಾಹೀರಾತಿನ ವಿಡಿಯೋ ನಂಬಬೇಡಿ.

ಇನ್ನು ಚಂದಾ ನಿಲ್ಲಿಸುವ ಪಾಡು. ಆಪ್ ಅಳಿಸಿಹಾಕಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ನಾನು ಕ್ಲಬ್‌ನ ವೆಬ್‌ಸೈಟ್‌ಗೆ ಲಾಗಿನ್ ಆಗಿ ರದ್ದು ಮಾಡಲು ಹೋದರೆ, ಫೋನ್‌ನ ಆಪ್ ಸ್ಟೋರ್ ಮೂಲಕ ಕಟ್ಟಿದ್ದೀರಿ, ಅಲ್ಲೇ ಕೇಳಿ ಎಂಬ ಉತ್ತರ. ಆಪ್ ಸ್ಟೋರ್‌ನಲ್ಲಿ ಕೇಳಿದರೆ ಹಣ ವಾಪಸು ಕೊಡುವುದು ಕ್ಲಬ್‌ಗೆ ಬಿಟ್ಟಿದ್ದು ಎಂದರು. ಈ ಎಳೆದಾಟದ ನಡುವೆಯೇ ಅವಧಿ ಮುಗಿದು ಮತ್ತೊಂದು ವರ್ಷದ ಹಣ ಕಾರ್ಡ್‌ನಿಂದ ಕಡಿತವಾಯಿತು. ರಿಸರ್ವ್ ಬ್ಯಾಂಕ್‌ನ ನಿಯಮದಂತೆ 2021ರ ಅಕ್ಟೋಬರ್‌ನಿಂದ, ಕಾರ್ಡ್‌ನಿಂದ ಮರುಕಳಿಸುವ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಬ್ಯಾಂಕ್ ಸಂದೇಶ ಕಳಿಸಬೇಕು. ಸಂದೇಶ ಬಂದಿತ್ತು. ಅದರಲ್ಲಿದ್ದದ್ದು ಆಪ್ ಸ್ಟೋರ್‌ನ ಹೆಸರು ಮಾತ್ರ, ಕ್ಲಬ್‌ನದ್ದಾಗಲಿ ಚಾನೆಲ್‌ನದ್ದಾಗಲಿ ಎಲ್ಲೂ ಇರಲಿಲ್ಲ. ಅಂಥ ಸಂದೇಶ ಬಂದರೆ ಅದರಲ್ಲೇ ಇರುವ ಲಿಂಕ್‌ನಿಂದ ಆ ಕಡಿತವನ್ನು ತಡೆಯಬಹುದು. ಬ್ಯಾಂಕ್ ಆಪ್‌ಗೆ ಹೋಗಿ ಮ್ಯಾಂಡೇಟನ್ನೇ, ಅಂದರೆ ಮತ್ತೆ ಮತ್ತೆ ಹಣ ಕಡಿಯಲು ಕೊಟ್ಟ ಅನುಮತಿಯನ್ನೇ, ರದ್ದು ಮಾಡುವುದು ಇನ್ನೂ ಒಳ್ಳೆಯದು. ಕ್ಲಬ್‌ನ ಉತ್ತರಕ್ಕಾಗಿ ಕಾಯಬೇಡಿ.

ವರ್ಷದ ಚಂದಾ ಅಗ್ಗ ಎಂದು ಒಮ್ಮೆಗೇ ಕಟ್ಟುವವರಿಗೂ ಒಂದು ಮಾತು. ಈ ಚಾನೆಲ್‌ಗಳು ಯಾವಾಗ ಮುಚ್ಚುತ್ತವೆ ಎಂದು ಹೇಳಲಾಗದು. ಆರ್ಸೆನಲ್ ಟಿವಿ 2008ರ ಜನವರಿಯಲ್ಲಿ ಸೆಟಾಂಟಾ ಎಂಬ ಕ್ರೀಡಾ ಟಿವಿ ಜಾಲದ ಮೇಲೆ ಶುರುವಾಗಿತ್ತು. 2009ರ ಜೂನ್‌ನಲ್ಲಿ ಬ್ರಿಟನ್ನಿನ ಸೆಟಾಂಟಾ ದಿವಾಳಿಯಾಯಿತು, ಆಗಸ್ಟ್‌ನಲ್ಲಿ ಆರ್ಸೆನಲ್ ಟಿವಿಯೂ ನಿಂತಿತು. ಬಾರ್ಸಿಲೋನಾದಂಥ ಕ್ಲಬ್ ಕೂಡ 1999ರಿಂದ ನಡೆಸುತ್ತಿದ್ದ ಬಾರ್ಸಾ ಟಿವಿಯನ್ನು ಖರ್ಚು ಉಳಿಸಲೆಂದು 2023ರ ಜೂನ್ ಕೊನೆಗೆ ಮುಚ್ಚಿತು. ಕಟ್ಟಲೇಬೇಕೆಂದರೆ ತಿಂಗಳ ಲೆಕ್ಕದಲ್ಲಿ, ಅದೂ ಸ್ನೇಹಪಂದ್ಯಗಳಿರುವ ಜುಲೈಗೆ ಮಾತ್ರ ಕಟ್ಟಿ. ಪೌಂಡ್‌ನಲ್ಲಿ ಕಟ್ಟುವುದಾದರೆ ವಿದೇಶಿ ವಿನಿಮಯಕ್ಕೆಂದು ಬ್ಯಾಂಕ್ ಸೇರಿಸುವ ಶುಲ್ಕವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಈಗಾಗಲೇ ಸಿಕ್ಕಿಬಿದ್ದವರು ಸುಮ್ಮನಿರಬೇಡಿ. ಸೇರುವುದು ಸುಲಭ, ಬಿಡುವುದು ಕಷ್ಟ ಎನ್ನುವಂತೆ ಚಂದಾ ರೂಪಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ನಿಷೇಧಿಸಿದೆ. ಭಾರತದ ಗ್ರಾಹಕರಿಗೆ ನಿಯಮಿತವಾಗಿ ಸೇವೆ ಮಾರುವ ಎಲ್ಲ ವೇದಿಕೆಗಳಿಗೂ ಅದು ಅನ್ವಯಿಸುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೇ ಮಾತಾಡಬಹುದು. ಫೋನ್ ಮಾಡುವ ಮೊದಲು ಜಾಹೀರಾತಿನ ಸ್ಕ್ರೀನ್‌ಶಾಟ್, ಭಾರತದಲ್ಲಿ ಲಭ್ಯವಿಲ್ಲ ಎಂದು ತೋರಿಸುವ ಪರದೆ, ಹಣ ಕಡಿತವಾದ ಸಂದೇಶ, ಕ್ಲಬ್‌ಗೆ ಬರೆದ ಮೇಲ್‌ಗಳು, ಎಲ್ಲವನ್ನೂ ತೆಗೆದಿಟ್ಟುಕೊಳ್ಳಿ. ನಾನೂ ದೂರು ಕೊಟ್ಟಿದ್ದೇನೆ, ನನ್ನ ಜೊತೆ ಸೇರಿದ್ದ ಗೆಳೆಯರೂ ಕೊಟ್ಟಿದ್ದಾರೆ. ನಿಮಗೂ ಹೀಗಾಗಿದ್ದರೆ ನಿಮ್ಮದೂ ಒಂದು ದೂರು ಇರಲಿ.