ಲಾಲ್‌ಬಾಗ್‌ನ ಎರಡನೇ ಭಾನುವಾರ

ತಿಂಗಳ ಎರಡನೇ ಭಾನುವಾರ, ಬೆಳಗ್ಗೆ 7.30, ಲಾಲ್‌ಬಾಗ್‌ನ ಗಾಜಿನ ಮನೆ. ಬೆಂಗಳೂರಿನ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ಬಿನ ಈ ನಡಿಗೆಗೆ ಯಾರು ಬೇಕಾದರೂ ಬರಬಹುದು. 1972ರಲ್ಲಿ ಡಾ. ಜೋಸೆಫ್ ಜಾರ್ಜ್ ಮತ್ತು ಜೊತೆಗಾರರು ಹುಟ್ಟುಹಾಕಿದ ಕ್ಲಬ್ಬು ಇದು. ಹಕ್ಕಿ ನೋಡಲು ಕಲಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠಶಾಲೆ ನಗರದಲ್ಲಿಲ್ಲ ಎಂದೇ ನಮ್ಮ ಅಭಿಪ್ರಾಯ.

ಆದರೆ ಒಂದೇ ಸಲ ಹೋಗಿ ಬಂದರೆ ಇದರ ಬೆಲೆ ತಿಳಿಯದು. ಅದೇ ತೋಟ, ಅದೇ ಮರ, ಅದೇ ಕೆರೆ, ಬದಲಾಗುವುದು ತಿಂಗಳು. ಜೂನ್‌ನಲ್ಲಿ ಇಲ್ಲದ ಪುಟ್ಟ ಹಸಿರು ಉಲಿಯಕ್ಕಿ ಅಕ್ಟೋಬರ್ ಹೊತ್ತಿಗೆ ಮರದ ನೆತ್ತಿಯಿಂದ ‘ಚಿಸ್‌ವೀ’ ಎನ್ನತೊಡಗುತ್ತದೆ. ಹಿಮಾಲಯ, ಮಧ್ಯ ಏಷ್ಯಾದ ಕಡೆಯಿಂದ ಬಂದ ಅತಿಥಿ ಅದು, ಬೇಸಿಗೆ ಮುಗಿಯುವ ಮೊದಲೇ ಹೊರಟುಬಿಡುತ್ತದೆ. ನವೆಂಬರ್, ಫೆಬ್ರವರಿ, ಜೂನ್, ಈ ಮೂರು ತಿಂಗಳಾದರೂ ಹೋಗಿ.

ಮೊದಲು ಕಿವಿ ತೆರೆಯಿರಿ. ‘ಕುಟ್ರೂ ಕುಟ್ರೂ’ ಎಂದು ಎಳೆದು ಕೂಗುವುದು ಕುಟ್ರುಹಕ್ಕಿ. ಪಾತ್ರೆ ಬಡಿದ ಹಾಗೆ ಒಂದೇ ಲಯದಲ್ಲಿ ‘ಟಕ್ ಟಕ್’ ಎನ್ನುವುದು ಅದರ ಚಿಕ್ಕ ಬಂಧು, ಕಂಚುಗಾರ. ಹಣ್ಣು ಬಿಟ್ಟ ಆಲ, ಅತ್ತಿ, ಬಸರಿ ಕಂಡರೆ ಅಲ್ಲೇ ಹತ್ತು ನಿಮಿಷ ನಿಲ್ಲಿ. ಇವೆರಡೂ ಒಣಗಿದ ಕೊಂಬೆಯಲ್ಲಿ ಕೊಕ್ಕಿನಿಂದಲೇ ಪೊಟರೆ ಕೊರೆಯುತ್ತವೆ. ಬಾಗಿದ ಕೊಂಬೆಯಾದರೆ ಬಾಯಿ ಹೆಚ್ಚಾಗಿ ಅಡಿಭಾಗದಲ್ಲೇ ಇರುತ್ತದೆ, ಮಳೆನೀರು ಒಳಗಿಳಿಯುವುದಿಲ್ಲ. ಹಾಗಾಗಿ ಕತ್ತೆತ್ತಿ ಕೊಂಬೆಯ ಕೆಳಮೈಯನ್ನು ಹುಡುಕಿ. ಒಣಕೊಂಬೆ ಅಂದಗೆಡಿಸುತ್ತದೆಂದು ಕಡಿಸಿದರೆ ಎಷ್ಟು ನಷ್ಟ ಎನ್ನುವುದು ಇಲ್ಲಿ ಕಣ್ಣಾರೆ ತಿಳಿಯುತ್ತದೆ.

ಬೈನಾಕ್ಯುಲರ್ ಕೊಳ್ಳುವುದಾದರೆ 8x42 (ಎಂಟು ಪಟ್ಟು ಹಿಗ್ಗಿಸಿ ತೋರಿಸುವ, 42 ಮಿ.ಮೀ. ಅಗಲದ ಮುಂಗಾಜಿನದು) ಸಾಕು. 10x ಕೈಯಲ್ಲಿ ಹೆಚ್ಚು ಅಲುಗುತ್ತದೆ, ಕಾಣುವ ಹರವೂ ಸಾಮಾನ್ಯವಾಗಿ ಕಿರಿದು. ಎಲೆಗಳ ನಡುವೆ ಹಕ್ಕಿ ಸಿಗುವುದೇ ಕಷ್ಟ. ‘ಮಸುಕು, ಕಣ್ಣು ನೋಯುತ್ತದೆ’ ಎನ್ನುವವರಲ್ಲಿ ಬಹುಪಾಲು ಜನ ಬಲಗಣ್ಣಿನ ಗಾಜಿನ ಸುತ್ತಲಿನ ಫೋಕಸ್ ಉಂಗುರವನ್ನು ಹೊಂದಿಸಿಯೇ ಇರುವುದಿಲ್ಲ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ದೂರದ ಬೋರ್ಡೊಂದನ್ನು ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಡೆಯ ಉಂಗುರ ಮಾತ್ರ ತಿರುಗಿಸಿ. ಅಷ್ಟಾದ ಮೇಲೆ ಉಂಗುರದ ಗೊಡವೆ ಬೇಡ, ಚಕ್ರವೊಂದೇ ಸಾಕು. ಹಕ್ಕಿಯ ಮೇಲಿನ ನೋಟ ಕದಲಿಸದೆ ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ.

ಕೆರೆಯ ಬಳಿ ನೀರುಕಾಗೆ, ಕೊಳದ ಬಕ, ಹೆಜ್ಜಾರ್ಲೆ. ಇಲ್ಲಿ ಎಣಿಸುವ ಅಭ್ಯಾಸ ಮಾಡಿ. ನೋಡಿದ ಹಕ್ಕಿಗಳನ್ನು ಯಾರು ಬೇಕಾದರೂ ದಾಖಲಿಸಬಹುದಾದ ಜಾಲತಾಣ ಇ-ಬರ್ಡ್‌ಗೆ ಪಟ್ಟಿ ಹಾಕುವಾಗ ಸಂಖ್ಯೆಯ ಬದಲು ಬರೀ ‘ಎಕ್ಸ್’ ಗುರುತು ಹಾಕಿದರೆ ಹಕ್ಕಿ ಇತ್ತೆಂದು ಗೊತ್ತಾಗುತ್ತದೆ, ಹೆಚ್ಚಿತೋ ಕುಗ್ಗಿತೋ ಗೊತ್ತಾಗುವುದಿಲ್ಲ. ಗುಂಪಿನಲ್ಲಿ ಹೋದಾಗ ಒಬ್ಬರು ಪಟ್ಟಿ ಬರೆದು ಉಳಿದವರಿಗೆ ಹಂಚಬೇಕು; ಹತ್ತು ಜನ ಬೇರೆ ಬೇರೆ ಹಾಕಿದರೆ ಒಂದೇ ನಡಿಗೆ ಹತ್ತು ನಡಿಗೆಯಂತೆ ದಾಖಲಾಗುತ್ತದೆ.

ತೊಡಕುಗಳೂ ಇವೆ. ಜನ ಹೆಚ್ಚಾದ ದಿನ ಹಿಂದಿನವರಿಗೆ ವಿವರಣೆ ಕೇಳಿಸದು. ತಿಳಿದವರೊಬ್ಬರ ಪಕ್ಕದಲ್ಲೇ ನಡೆಯಿರಿ. ಭಾನುವಾರ ಮೆಟ್ರೊ ಉಳಿದ ದಿನಗಳಿಗಿಂತ ತಡವಾಗಿ ಶುರುವಾಗುತ್ತದೆ, ಲೆಕ್ಕ ಹಾಕಿಕೊಂಡು ಹೊರಡಿ. ಆಗಸ್ಟ್‌ನ ಎರಡನೇ ಭಾನುವಾರ ಸಾಮಾನ್ಯವಾಗಿ ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನದ ನಡುವೆಯೇ ಬರುತ್ತದೆ. ಗಾಜಿನ ಮನೆಯ ಸುತ್ತ ಕಾಲಿಡಲು ಜಾಗವಿರದು. ಹೊಸಬರು ಆ ತಿಂಗಳು ಬಿಟ್ಟುಬಿಡುವುದೇ ಮೇಲು.

ಇನ್ನೊಂದು ಮಾತು. ಪಕ್ಷಿವೀಕ್ಷಣೆಯ ಮಾತುಕತೆಯಲ್ಲಿ ಹೆಸರುಗಳೆಲ್ಲ ಇಂಗ್ಲಿಷಿನಲ್ಲೇ ಓಡಾಡುತ್ತವೆ. ಮಕ್ಕಳನ್ನು ಕರೆದೊಯ್ಯುವವರು ಪಿಕಳಾರ, ಮಡಿವಾಳ, ಕಾಜಾಣ, ಮಿಂಚುಳ್ಳಿ, ಸೂರಕ್ಕಿ ಎಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೂ ಬರೆಸಿ. ಊರಿಗೆ ಹೋದಾಗ ಅಜ್ಜಿಯ ಹತ್ತಿರ ಅದೇ ಹಕ್ಕಿಗೆ ಇನ್ನೊಂದು ಹೆಸರು ಸಿಕ್ಕರೆ, ಅದನ್ನೂ ಪಕ್ಕದಲ್ಲೇ ಬರೆದಿಡಲಿ.