ಹಳೇ ಡೆಸ್ಕ್‌ಟಾಪ್‌ಗೆ ಎನ್‌ವಿಎಂಇ ಡಿಸ್ಕ್: ವೇಗ ನಿಜ, ಬೂಟ್ ಮಾತ್ರ ತಲೆನೋವು

ಮೊದಲೇ ಹೇಳಿಬಿಡುತ್ತೇನೆ. 2013-14ರ ಕಾಲದ ಡೆಸ್ಕ್‌ಟಾಪ್‌ಗೆ ಈಗಿನ ಎನ್‌ವಿಎಂಇ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ತುಂಬಾ ವೇಗದ ಡಿಸ್ಕ್) ಹಾಕಬಹುದು, ಚೆನ್ನಾಗಿಯೇ ಓಡುತ್ತದೆ. ಆದರೆ ಬಾಕ್ಸ್ ಮೇಲೆ ದೊಡ್ಡದಾಗಿ ಅಚ್ಚು ಹಾಕಿರುವ 3500 (ಸೆಕೆಂಡಿಗೆ ಎಂಬಿ) ನೋಡಿ ಕೊಳ್ಳಬೇಡಿ. ಅಂಥ ಮೆಷಿನ್‌ನಲ್ಲಿ ನಿಮ್ಮ ದಿನದ ಕೆಲಸಕ್ಕೂ ಆ ನಂಬರ್‌ಗೂ ಸಂಬಂಧ ತುಂಬಾ ಕಡಿಮೆ.

ನಾನು ಹಾಕಿದ್ದು ಡಬ್ಲ್ಯುಡಿ ಬ್ಲೂ ಎಸ್‌ಎನ್570, 500 ಜಿಬಿಯದ್ದು. ಜೊತೆಗೆ ಅದನ್ನು ಬೋರ್ಡ್‌ನ ಸ್ಲಾಟ್‌ಗೆ ಸೇರಿಸಲು ಹೆಸರೂ ಇಲ್ಲದ ಒಂದು ಅಡಾಪ್ಟರ್ ಕಾರ್ಡ್. ಹಾಕಿದ್ದು ಹಾಸನದಲ್ಲಿರುವ ನಮ್ಮ ಭಾವನ ಡಿಟಿಪಿ ಅಂಗಡಿಯ ಮೆಷಿನ್‌ಗೆ. ಇಂಟೆಲ್ ಐ5-4570, ಬಿ85 ಚಿಪ್‌ಸೆಟ್‌ನ ಮದರ್‌ಬೋರ್ಡ್, 8 ಜಿಬಿ ಡಿಡಿಆರ್3 ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಲಗ್ನಪತ್ರಿಕೆ, ಫ್ಲೆಕ್ಸ್, ಪ್ರಶ್ನೆಪತ್ರಿಕೆ, ಇಷ್ಟೇ ಅದರ ಬದುಕು. ಕೋರೆಲ್‌ಡ್ರಾ, ಫೋಟೋಶಾಪ್, ನುಡಿ, ಮತ್ತೆ ಎಲ್ಲೆಲ್ಲಿಂದಲೋ ಬಂದು ಸೇರಿಕೊಂಡ ನೂರಾರು ಕನ್ನಡ ಫಾಂಟ್‌ಗಳು. ಹೊಸ ಮೆಷಿನ್ ತಗೊಳ್ಳಿ ಭಾವ ಅಂದರೆ, "ಇದಕ್ಕೇನಾಗಿದೆ, ಪ್ರೊಸೆಸರ್ ಚೆನ್ನಾಗೇ ಇದೆಯಲ್ಲಪ್ಪಾ, ಆ ಕೋರೆಲ್ ಓಪನ್ ಆಗೋದೊಂದೇ ನಿಧಾನ" ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಅವರ ಮಾತು ಸರಿಯಾಗಿಯೇ ಇದೆ.

ಯಾಕೆ ಅಂದರೆ, ಹಳೇ ಮೆಷಿನ್ ನಿಧಾನ ಆಗುವುದು ಬಹಳ ಸಲ ಪ್ರೊಸೆಸರ್‌ನಿಂದಲ್ಲ, ಹಾರ್ಡ್‌ಡಿಸ್ಕ್‌ನಿಂದ. 7200 ಆರ್‌ಪಿಎಂ ಡಿಸ್ಕ್ ಒಂದು ಸುತ್ತು ತಿರುಗಲು ಸುಮಾರು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಹೆಡ್ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮೊದಲು ಹೆಡ್ ಆ ಟ್ರ್ಯಾಕ್‌ಗೆ ಸರಿಯಬೇಕು. ಎಲ್ಲ ಸೇರಿದರೆ ಸೆಕೆಂಡಿಗೆ ನೂರರ ಆಸುಪಾಸು ಹುಡುಕಾಟ, ಅಷ್ಟೇ. ಕೋರೆಲ್ ಓಪನ್ ಆಗುವಾಗ ನೂರಾರು ಫಾಂಟ್ ಫೈಲ್‌ಗಳನ್ನು ಒಂದೊಂದಾಗಿ ಮುಟ್ಟಿ ಬರುತ್ತದೆ, ಜೊತೆಗೆ ಆ್ಯಂಟಿವೈರಸ್ ಕೂಡ ತನ್ನ ಪಾಲಿನ ಫೈಲ್ ಓದುತ್ತಿರುತ್ತದೆ, ಹಿಂದೆ ವಿಂಡೋಸ್ ಅಪ್‌ಡೇಟ್ ಏನೋ ಮಾಡುತ್ತಿರುತ್ತದೆ. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದರೆ ಸಿಪಿಯು ಆರಾಮಾಗಿ ಕೂತಿರುತ್ತದೆ, ಡಿಸ್ಕ್ ಮಾತ್ರ 100% ಕೆಂಪು. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಹುಡುಕಾಟಕ್ಕೆ ಮಿಲಿಸೆಕೆಂಡಿನ ಹತ್ತರಲ್ಲಿ ಒಂದು ಪಾಲೂ ಬೇಡ. ವ್ಯತ್ಯಾಸ ಕಣ್ಣಿಗೆ ಕಾಣುವುದು ಇಲ್ಲಿ. ಹಾರ್ಡ್‌ಡಿಸ್ಕ್‌ನ ಕೇಬಲ್‌ಗೇ ಸೇರುವ ಸಾಟಾ ಎಸ್‌ಎಸ್‌ಡಿ ಹಾಕಿ, ಎನ್‌ವಿಎಂಇ ಹಾಕಿ, ಇದರಲ್ಲಿ ಎರಡೂ ಗೆಲ್ಲುತ್ತವೆ.

ಹಾಗಾದರೆ ಸುಮ್ನೆ ಸಾಟಾ ಹಾಕಬಹುದಿತ್ತಲ್ವಾ? ಹೌದು, ಹಾಕಬಹುದಿತ್ತು. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿಗೆ ಒಂದು ಕೇಬಲ್, ಒಂದು ಪವರ್ ಪಿನ್, ಮುಗಿಯಿತು, ಬಯಾಸ್ (ಪವರ್ ಒತ್ತಿದೊಡನೆ ಮೊದಲು ಏಳುವ ಬೋರ್ಡ್‌ನ ಪ್ರೋಗ್ರಾಂ) ಮರುಮಾತಿಲ್ಲದೆ ಬೂಟ್ ಮಾಡುತ್ತದೆ. ನಾನು ಎನ್‌ವಿಎಂಇ ಕಡೆ ಹೋಗಿದ್ದಕ್ಕೆ ಎರಡು ಕಾರಣ. ನಮಗೆ ಸಿಕ್ಕ ದಿನ ಎರಡರ ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಮತ್ತೆ ಇನ್ನೊಂದೆರಡು ವರ್ಷದಲ್ಲಿ ಭಾವ ಹೊಸ ಮೆಷಿನ್ ಕೊಳ್ಳಲೇಬೇಕು, ಆಗ ಈ ಡಿಸ್ಕ್ ಬಿಚ್ಚಿ ನೇರವಾಗಿ ಹೊಸ ಬೋರ್ಡ್‌ನ ಎಂ.2 ಅನ್ನುವ ಪುಟ್ಟ ಸ್ಲಾಟ್‌ಗೆ ಸಿಕ್ಕಿಸಬಹುದು. ಈ ಎರಡನೇ ಕಾರಣ ನಿಮಗೆ ಅನ್ವಯಿಸದಿದ್ದರೆ, ಮೆಷಿನ್ ಸಾಯುವ ತನಕ ಅದೇ ಅಂದರೆ, ಸಾಟಾ ತಗೊಂಡು ನೆಮ್ಮದಿಯಾಗಿರಿ.

ಈಗ ಸ್ಲಾಟ್ ವಿಷಯ. ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಇಲ್ಲಿಯೇ. ಕಾರ್ಡ್ ಸ್ಲಾಟ್‌ಗಳ ಪದ್ಧತಿಯಾದ ಪಿಸಿಐ ಎಕ್ಸ್‌ಪ್ರೆಸ್‌ನ 3.0 ಆವೃತ್ತಿಯಲ್ಲಿ ಒಂದು ಲೇನ್‌ಗೆ (ಡೇಟಾ ಹೋಗುವ ದಾರಿಗೆ) ಸೆಕೆಂಡಿಗೆ ಸುಮಾರು 985 ಎಂಬಿ ಹೋಗುತ್ತದೆ, 2.0ರಲ್ಲಿ 500. ಎಸ್‌ಎನ್570 ಬಳಸುವುದು ನಾಲ್ಕು ಲೇನ್. ಬಿ85 ಬೋರ್ಡ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್‌ಗೆಂದು ಕೊಟ್ಟಿರುವ ಉದ್ದನೆ ಸ್ಲಾಟ್ ನೇರವಾಗಿ ಪ್ರೊಸೆಸರ್‌ಗೆ ಸೇರಿದೆ, 3.0 ವೇಗದ್ದು. ಭಾವನ ಮೆಷಿನ್‌ನಲ್ಲಿ ಅದು ಖಾಲಿ ಇತ್ತು, ಅಲ್ಲಿಗೇ ಹಾಕಿದೆ. ಡಿಸ್ಕ್ ವೇಗ ಅಳೆಯುವ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್‌ನಲ್ಲಿ ಓದುವ ವೇಗ ಕಂಪನಿ ಹೇಳಿದ 3500ರ ಹತ್ತಿರಕ್ಕೇ ಬಂತು. ಅದೇ ಎಚ್81 ಬೋರ್ಡ್ ಆಗಿದ್ದರೆ ಆ ಉದ್ದನೆ ಸ್ಲಾಟ್ ಕೂಡ 2.0 ಮಾತ್ರ, ಲೆಕ್ಕಕ್ಕೆ 2000, ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಅದಾದರೂ ಪರವಾಗಿಲ್ಲ, ಸಾಟಾದ 550ಕ್ಕಿಂತ ಎಷ್ಟೋ ಮೇಲು. ನಿಜವಾದ ಮೋಸ ಇರುವುದು ಬೆರಳುದ್ದದ ಚಿಕ್ಕ ಎಕ್ಸ್1 ಸ್ಲಾಟ್‌ನಲ್ಲಿ. ಅದಕ್ಕೆಂದೇ ಅಡಾಪ್ಟರ್ ಸಿಗುತ್ತದೆ, ಕೆಲಸವೂ ಮಾಡುತ್ತದೆ, ಆದರೆ ಈ ಕಾಲದ ಬೋರ್ಡ್‌ಗಳಲ್ಲಿ ಅದು 2.0ದ ಒಂದೇ ಲೇನ್. ಅಂದರೆ ದೊಡ್ಡ ಫೈಲ್ ಓದುವಾಗ ಸಾಧಾರಣ ಸಾಟಾ ಎಸ್‌ಎಸ್‌ಡಿಗಿಂತಲೂ ಹಿಂದೆ. ಗ್ರಾಫಿಕ್ಸ್ ಕಾರ್ಡ್ ಉದ್ದನೆ ಸ್ಲಾಟ್ ಹಿಡಿದುಕೊಂಡಿದ್ದು, ನಿಮಗೆ ಉಳಿದಿರುವುದು ಎಕ್ಸ್1 ಮಾತ್ರ ಅಂತಾದರೆ ಈ ಯೋಚನೆಯನ್ನೇ ಬಿಡಿ.

ಕೆಲವು ಬೋರ್ಡ್‌ಗಳಲ್ಲಿ ಎರಡನೇ ಉದ್ದನೆ ಸ್ಲಾಟ್ ಇರುತ್ತದೆ. ನೋಡಲು 16 ಲೇನ್‌ನಂತೆ ಇದ್ದರೂ ಒಳಗೆ ತಂತಿ ನಾಲ್ಕಕ್ಕೋ ಒಂದಕ್ಕೋ ಮಾತ್ರ. ಬೋರ್ಡ್ ಮ್ಯಾನುಯಲ್ ಪಿಡಿಎಫ್ ಇಳಿಸಿ ನೋಡಿ, ಅಂದಾಜು ಬೇಡ. ಹಾಗೇ ಎಚ್61ನಂಥ ಇನ್ನೂ ಹಳೇ ಬೋರ್ಡ್ ಇರುವವರಿಗೆ ಒಂದು ಮಾತು: ಅದರ ಸಾಟಾ ಪೋರ್ಟ್‌ಗಳು 3 ಗಿಗಾಬಿಟ್‌ನವು, ಎಸ್‌ಎಸ್‌ಡಿ ಹಾಕಿದರೂ 300ರ ಒಳಗೇ ನಿಲ್ಲುತ್ತದೆ. ಆದರೂ ಹಾಕಿ. ಹುಡುಕಾಟದ ವೇಗ ಬದಲಾಗುತ್ತದಲ್ಲ, ಅದು ಸಾಕು.

ಅಡಾಪ್ಟರ್ ಕಾರ್ಡ್ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಅದರಲ್ಲಿ ಬುದ್ಧಿ ಇರುವ ಚಿಪ್ ಏನೂ ಇಲ್ಲ, ಸ್ಲಾಟ್‌ನ ತಂತಿಗಳನ್ನು ಎಂ.2 ಆಕಾರಕ್ಕೆ ತಿರುಗಿಸಿ ಕೊಡುತ್ತದೆ ಅಷ್ಟೇ. ಕೆಲವು ನೂರು ರೂಪಾಯಿಯದ್ದು ಸಾಕು. ಕೊಳ್ಳುವಾಗ ಮೂರು ಸಂಗತಿ ನೋಡಿಕೊಳ್ಳಿ. ಮೊದಲನೆಯದು, ಎನ್‌ವಿಎಂಇಗೆ ಅಂತ ಸ್ಪಷ್ಟವಾಗಿ ಬರೆದಿರಬೇಕು. ನಮಗೆ ಅಂಗಡಿಯೊಬ್ಬರು ಮೊದಲು ಕೊಟ್ಟಿದ್ದು ಎಂ.2 ಸಾಟಾ ಡಿಸ್ಕ್‌ನ ಕಾರ್ಡ್, ಹಿಂದೆ ಸಾಟಾ ಕೇಬಲ್ ಸಿಕ್ಕಿಸುವ ಜಾಗ ನೋಡಿ ಗುಮಾನಿ ಬಂತು. "ಎಲ್ಲ ಒಂದೇ ಸಾರ್" ಅಂದರು. ಒಂದೇ ಅಲ್ಲ. ಎಂ.2 ಅನ್ನುವುದು ಆಕಾರ, ಎನ್‌ವಿಎಂಇ ಅನ್ನುವುದು ಮಾತಾಡುವ ರೀತಿ, ಈ ಎರಡನ್ನು ಬೆರೆಸಿ ಮಾರುವವರು ಇವತ್ತಿಗೂ ಇದ್ದಾರೆ. ಎರಡನೆಯದು, ಎರಡು ನಾಲ್ಕು ಎನ್‌ವಿಎಂಇ ಒಟ್ಟಿಗೆ ಹಾಕುವ ಕಾರ್ಡ್‌ಗಳ ಆಸೆಗೆ ಬೀಳಬೇಡಿ. ಅಗ್ಗದವುಗಳಿಗೆ ಬೋರ್ಡ್‌ನಲ್ಲಿ ಲೇನ್ ಹಂಚುವ ಸೌಲಭ್ಯ ಬೇಕು, ಇಂಥ ಹಳೇ ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ, ಒಂದೇ ಡಿಸ್ಕ್ ಕಾಣಿಸುತ್ತದೆ. ಮೂರನೆಯದು ಆ ಪುಟ್ಟ ಸ್ಕ್ರೂ. ಬಾಕ್ಸ್‌ನಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಕನ್ನಡಕದ ಅಂಗಡಿಗೆ ಹೋಗಿ ಹುಡುಕುವ ಪರಿಸ್ಥಿತಿ.

ಇನ್ನು ಬೂಟ್. ಎನ್‌ವಿಎಂಇಯ ಮೊದಲ ಸ್ಪೆಸಿಫಿಕೇಶನ್ ಬಂದಿದ್ದು 2011ರಲ್ಲಿ, ಆದರೆ 2013ರ ಬೋರ್ಡ್ ಮಾಡಿದವರಿಗೆ ಮನೆ ಮೆಷಿನ್‌ನಲ್ಲಿ ಇದರಿಂದ ಯಾರಾದರೂ ಬೂಟ್ ಮಾಡುತ್ತಾರೆ ಅನ್ನುವ ಯೋಚನೆಯೇ ಇರಲಿಲ್ಲ. ಹಾಗಾಗಿ ಹೆಚ್ಚಿನ 8 ಸರಣಿಯ (ಬಿ85, ಎಚ್81 ಥರದ) ಚಿಪ್‌ಸೆಟ್ ಬೋರ್ಡ್‌ಗಳ ಬಯಾಸ್‌ನಲ್ಲಿ ಎನ್‌ವಿಎಂಇ ಡ್ರೈವರ್ ಇಲ್ಲ. ಮುಂದಿನ 9 ಸರಣಿಯಲ್ಲಿ, ಎಚ್97, ಝಡ್97 ಬೋರ್ಡ್‌ಗಳಲ್ಲಿ, ಬಯಾಸ್ ಅಪ್‌ಡೇಟ್ ಮಾಡಿದರೆ ಬಹಳಷ್ಟಕ್ಕೆ ಬಂದುಬಿಟ್ಟಿದೆ. ಭಾವನ ಬೋರ್ಡ್‌ನಲ್ಲಿ ಆಗಿದ್ದು ಇಷ್ಟು: ವಿಂಡೋಸ್ 10ರ ಸೆಟಪ್‌ಗೆ ಡಿಸ್ಕ್ ಕಾಣಿಸಿತು, ಇನ್‌ಸ್ಟಾಲ್ ಕೂಡ ಆಯಿತು, ರೀಸ್ಟಾರ್ಟ್ ಆದ ಮೇಲೆ ಬಯಾಸ್‌ನ ಬೂಟ್ ಪಟ್ಟಿಯಲ್ಲಿ ಅಂಥ ಡಿಸ್ಕ್ ಇದೆ ಅನ್ನುವ ಸುಳಿವೇ ಇಲ್ಲ. ಕೆಟ್ಟ ಡಿಸ್ಕ್ ಕೊಟ್ಟರು ಅಂತ ಜನ ವಾಪಸ್ ಮಾಡುವುದು ಇದೇ ಹಂತದಲ್ಲಿ. ಡಿಸ್ಕ್ ಚೆನ್ನಾಗಿಯೇ ಇರುತ್ತದೆ.

ಇದಕ್ಕೆ ದಾರಿಗಳಿವೆ. ಬಯಾಸ್ ಫೈಲ್‌ಗೇ ಡ್ರೈವರ್ ಸೇರಿಸಿ ಮತ್ತೆ ಬರೆಯುವುದು ಒಂದು. ಕೆಟ್ಟರೆ ಬೋರ್ಡ್ ಏಳುವುದಿಲ್ಲ, ಚಿಪ್‌ಗೆ ಹೊರಗಿನಿಂದ ಬರೆಯುವ ಪ್ರೋಗ್ರಾಮರ್ ಅನ್ನುವ ಸಾಧನ ಬೇಕಾಗುತ್ತದೆ. ಮದುವೆ ಸೀಸನ್‌ನಲ್ಲಿ ದುಡಿಯುವ ಮೆಷಿನ್ ಮೇಲೆ ನಾನು ಆ ಪ್ರಯೋಗ ಮಾಡುವುದಿಲ್ಲ. ನಾನು ಹಿಡಿದದ್ದು ಕ್ಲೋವರ್ ಅನ್ನುವ ಬೂಟ್‌ಲೋಡರ್. ಅದನ್ನು ಒಂದು ಫ್ಯಾಟ್32 ಪೆನ್‌ಡ್ರೈವ್‌ಗೆ ಹಾಕಿ, ಅದರ ಡ್ರೈವರ್ ಫೋಲ್ಡರ್‌ನಲ್ಲಿ ಎನ್‌ವಿಎಂ ಎಕ್ಸ್‌ಪ್ರೆಸ್ ಡಿಎಕ್ಸ್‌ಇ ಅನ್ನುವ ಫೈಲ್ ಇಡಬೇಕು. ಬಯಾಸ್ ಪೆನ್‌ಡ್ರೈವ್‌ನಿಂದ ಏಳುತ್ತದೆ, ಕ್ಲೋವರ್ ಆ ಡ್ರೈವರ್ ಎತ್ತಿಕೊಳ್ಳುತ್ತದೆ, ಆಗ ಎನ್‌ವಿಎಂಇ ಕಾಣಿಸುತ್ತದೆ, ವಿಂಡೋಸ್ ಶುರುವಾಗುತ್ತದೆ. ಆಮೇಲೆ ಪೆನ್‌ಡ್ರೈವ್ ನೇತಾಡುವುದು ಬೇಡ ಅಂತ ಹಳೇ ಹಾರ್ಡ್‌ಡಿಸ್ಕ್‌ನಲ್ಲೇ ಒಂದು ಚಿಕ್ಕ ಪಾರ್ಟಿಶನ್ ಮಾಡಿ ಕ್ಲೋವರ್ ಅಲ್ಲಿಗೆ ಸಾಗಿಸಿದೆ. ಪೆನ್‌ಡ್ರೈವ್ ಡ್ರಾಯರ್‌ನಲ್ಲಿದೆ, ಮೇಲೆ "ಬಿಸಾಡಬೇಡಿ" ಅಂತ ಚೀಟಿ ಅಂಟಿಸಿದ್ದೇನೆ.

ವಿಂಡೋಸ್‌ನ ಚಿಕ್ಕ ಬೂಟ್ ಪಾರ್ಟಿಶನ್ ಒಂದನ್ನು ಸಾಟಾ ಡಿಸ್ಕ್‌ನಲ್ಲಿಟ್ಟು, ಉಳಿದದ್ದನ್ನು ಎನ್‌ವಿಎಂಇಯಲ್ಲಿ ಇಟ್ಟರೆ ಸಾಲದಾ ಅಂತ ಕೇಳುವವರಿದ್ದಾರೆ. ಸಾಲದು. ವಿಂಡೋಸ್‌ನ ಬೂಟ್ ಮ್ಯಾನೇಜರ್ ಮುಂದಿನ ಫೈಲ್‌ಗಳನ್ನು ಓದುವುದು ಬಯಾಸ್ ಕಣ್ಣಿನಿಂದಲೇ, ಅದಕ್ಕೆ ಕಾಣದ ಡಿಸ್ಕ್ ಇದಕ್ಕೂ ಕಾಣುವುದಿಲ್ಲ. ಲಿನಕ್ಸ್‌ನವರಿಗೆ ಈ ಗೋಳಿಲ್ಲ. ಬೂಟ್ ಫೋಲ್ಡರ್ ಹಳೇ ಡಿಸ್ಕ್‌ನಲ್ಲಿಟ್ಟು ರೂಟ್ ಎನ್‌ವಿಎಂಇಯಲ್ಲಿಟ್ಟರೆ ಆಯಿತು, ಕರ್ನೆಲ್ ಒಮ್ಮೆ ಎದ್ದರೆ ಅದರದ್ದೇ ಡ್ರೈವರ್ ಇರುತ್ತದೆ, ಕ್ಲೋವರ್ ಬೇಕಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 4ನೇ ತಲೆಮಾರಿನ ಇಂಟೆಲ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಮನೆಯಲ್ಲಿ ಬ್ರೌಸರ್, ಯೂಟ್ಯೂಬ್ ಅಷ್ಟೇ ಅನ್ನುವವರು ಈ ಡಿಸ್ಕ್ ಹಾಕುವಾಗಲೇ ಲಿನಕ್ಸ್ ಮಿಂಟ್ ನೋಡಬಹುದು. ಭಾವನಿಗೆ ಕೋರೆಲ್ ಬೇಕು, ನುಡಿ ಬೇಕು, ಅವರ ಹತ್ತಿರ ಈ ಮಾತು ಎತ್ತಲಿಕ್ಕಿಲ್ಲ.

ಹಾಕಿದ ಮೇಲೆ ಹೇಗಿದೆ? ಕೋರೆಲ್ ಓಪನ್ ಮಾಡಿ ಟೀ ಹೇಳಿ ಬರುವ ಕಾಲ ಹೋಯಿತು. ಫೋಟೋಶಾಪ್‌ನಲ್ಲಿ ದೊಡ್ಡ ಫ್ಲೆಕ್ಸ್ ಫೈಲ್ ಸೇವ್ ಮಾಡುವಾಗ ಮೆಷಿನ್ ಹ್ಯಾಂಗ್ ಆದಂತೆ ನಿಲ್ಲುವುದು ತಪ್ಪಿದೆ. ರ‍್ಯಾಮ್ ತುಂಬಿದಾಗಲೂ ಮೊದಲಿನಷ್ಟು ಒದ್ದಾಟ ಇಲ್ಲ, ಆದರೆ ಇನ್ನೂ 4 ಜಿಬಿಯಲ್ಲೇ ಇರುವವರು ದಯವಿಟ್ಟು ಡಿಸ್ಕ್ ಜೊತೆ ರ‍್ಯಾಮ್‌ಗೂ ದುಡ್ಡು ತೆಗೆದಿಡಿ. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಹಳೇ ಡಿಡಿಆರ್3 ಹುಡುಕಿದರೆ ಸಿಗುತ್ತದೆ.

ಬದಲಾಗದ್ದೂ ಇದೆ. ಪವರ್ ಒತ್ತಿದ ಮೇಲೆ ಬೋರ್ಡ್ ತನ್ನ ತಪಾಸಣೆ ಮುಗಿಸುವ ಹೊತ್ತು ಹಾಗೇ ಇದೆ, ಅದರ ಮೇಲೆ ಕ್ಲೋವರ್ ಬೇರೆ ಕೆಲವು ಸೆಕೆಂಡ್ ತಿನ್ನುತ್ತದೆ. ನನ್ನ ಮನೆಯ ಅದೇ ಕಾಲದ ಮೆಷಿನ್‌ನಲ್ಲಿ ಸಾಟಾ ಎಸ್‌ಎಸ್‌ಡಿ ಇದೆ, ಡೆಸ್ಕ್‌ಟಾಪ್ ಕಾಣಿಸುವುದು ಅದರಲ್ಲೇ ಬೇಗ! ಗ್ರಾಹಕರ ಪೆನ್‌ಡ್ರೈವ್‌ನಿಂದ ಫೈಲ್ ಎಳೆಯುವ ವೇಗವೂ ಪೆನ್‌ಡ್ರೈವ್‌ನದ್ದೇ. 3500 ಸಿಗಬೇಕಾದರೆ ಎರಡೂ ತುದಿಯಲ್ಲಿ ಅಷ್ಟು ವೇಗದ್ದು ಇರಬೇಕು, ಕೆರೆ ತುಂಬಾ ನೀರಿದ್ದರೂ ತೂಬು ಚಿಕ್ಕದಾದರೆ ಹರಿಯುವುದು ಅಷ್ಟೇ. ಫಿಲ್ಟರ್ ಹಾಕಿದರೆ, ಎಕ್ಸ್‌ಪೋರ್ಟ್ ಮಾಡಿದರೆ ಕಾಯುವುದು ಪ್ರೊಸೆಸರ್‌ಗಾಗಿ, ಅಲ್ಲಿ ಡಿಸ್ಕ್ ಏನು ಮಾಡೀತು.

ಎಸ್‌ಎನ್570 ಬಗ್ಗೆ ಹೇಳುವುದಾದರೆ, ಇದರಲ್ಲಿ ಸ್ವಂತ ಡಿ-ರ‍್ಯಾಮ್ ಇಲ್ಲ, ಮೆಷಿನ್‌ನ ರ‍್ಯಾಮ್‌ನಲ್ಲೇ ಒಂದು ಚೂರು ಸಾಲ ತೆಗೆದುಕೊಳ್ಳುತ್ತದೆ. ವಿಂಡೋಸ್ 10ರಲ್ಲಿ ಇದು ತಾನಾಗಿಯೇ ಆಗುತ್ತದೆ. ಒಟ್ಟಿಗೆ ಹತ್ತಾರು ಜಿಬಿ ಬರೆಯುತ್ತಾ ಹೋದರೆ ವೇಗ ಇಳಿಯುತ್ತದೆ, ಡಿಟಿಪಿ ಕೆಲಸದಲ್ಲಿ ಅಂಥ ಸಂದರ್ಭ ಬರುವುದೇ ಇಲ್ಲ ಅನ್ನಬಹುದು. ಟಿಎಲ್‌ಸಿ ಮೆಮರಿ, ಐದು ವರ್ಷ ವಾರಂಟಿ, 500 ಜಿಬಿಗೆ 300 ಟಿಬಿ ಬರೆಯುವ ಮಿತಿ. ಇದು 2021ರ ಮಾಡೆಲ್, ಈಗ ಅಂಗಡಿಗಳಲ್ಲಿ ಅದರ ಮುಂದಿನ ಜೆನ್4 (ಪಿಸಿಐ ಎಕ್ಸ್‌ಪ್ರೆಸ್ 4.0) ಡಿಸ್ಕ್‌ಗಳೇ ಜಾಸ್ತಿ ಸಿಗಬಹುದು. ಅವೂ ಹಳೇ ಸ್ಲಾಟ್‌ನಲ್ಲಿ ಸ್ಲಾಟ್‌ನ ವೇಗಕ್ಕೆ ಇಳಿದು ಕೆಲಸ ಮಾಡುತ್ತವೆ, ಆದರೆ ಜೆನ್4 ಅಂತ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ. 2025ರ ಕೊನೆಯಿಂದ ಮೆಮರಿ ಬೆಲೆ ಏರಿದೆ, ಹಾಗಾಗಿ ಹಳೇ ಬೆಲೆ ನೋಡಿಕೊಂಡು ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಹಾಗಂತ ಆನ್‌ಲೈನ್‌ನಲ್ಲಿ ನಂಬಲಾಗದಷ್ಟು ಅಗ್ಗಕ್ಕೆ ಕಾಣುವ 2 ಟಿಬಿ ಡಿಸ್ಕ್‌ಗಳ ಹತ್ತಿರವೂ ಸುಳಿಯಬೇಡಿ. ಕೈಗೆ ಬಂದ ಕೂಡಲೇ ಸೀರಿಯಲ್ ನಂಬರ್ ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ ನೋಡಿ, ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಎಷ್ಟು ಗಂಟೆ ಓಡಿದೆ ಅನ್ನುವುದನ್ನೂ ನೋಡಿ. ಹೊಸದು ಅಂತ ಕೊಟ್ಟದ್ದು ಸಾವಿರಾರು ಗಂಟೆ ತೋರಿಸಿದರೆ ಅವತ್ತೇ ವಾಪಸ್ ಕೊಡಿ.

ಕ್ಯಾಬಿನೆಟ್ ತೆಗೆದಾಗ ಧೂಳು ಹೊಡೆಯಿರಿ, ಪೇಪರ್ ಕತ್ತರಿಸುವ ಅಂಗಡಿಯಲ್ಲಂತೂ ಅದು ಫ್ಯಾನ್‌ಗೆ ಹತ್ತಿಯಂತೆ ಮೆತ್ತಿಕೊಂಡಿರುತ್ತದೆ. ಡಿಸ್ಕ್‌ಗೆ ತೆಳು ಹೀಟ್‌ಸಿಂಕ್ ಇದ್ದರೆ ಅಂಟಿಸಿ, ಇಲ್ಲದಿದ್ದರೂ ಈ ಕೆಲಸಕ್ಕೆ ನಡೆಯುತ್ತದೆ. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಮೊದಲು ಅದನ್ನು ಬದಲಿಸಿ, ಬರೆಯುವ ಹೊತ್ತಿಗೆ ಕರೆಂಟ್ ಹೋಗುವುದು ಯಾವ ಎಸ್‌ಎಸ್‌ಡಿಗೂ ಒಳ್ಳೆಯದಲ್ಲ. ಹಳೇ 1 ಟಿಬಿ ಹಾರ್ಡ್‌ಡಿಸ್ಕ್ ಅಲ್ಲೇ ಉಳಿಸಿಕೊಂಡಿದ್ದೇವೆ. ದಿನಾ ಸಂಜೆ ಗ್ರಾಹಕರ ಫೈಲ್‌ಗಳೆಲ್ಲ ಅದಕ್ಕೆ ಕಾಪಿ ಆಗುತ್ತವೆ, ಎಸ್‌ಎಸ್‌ಡಿ ಹೋಗುವಾಗ ಹಾರ್ಡ್‌ಡಿಸ್ಕ್‌ನಂತೆ ಕಟಕಟ ಸದ್ದು ಮಾಡಿ ಎಚ್ಚರಿಸದೆ ಒಮ್ಮೆಲೇ ಹೋಗುವುದುಂಟು.