ಬಕೆಟ್ಟಿಗೆ ಹಲ್ಲು ಕಟ್ಟಿಸಿದೆ: ಎರಡು ಬೇಸಿಗೆ ಕಳೆದ ಮೇಲಿನ ಮಾತು

ಮೊದಲೇ ಹೇಳಿಬಿಡುತ್ತೇನೆ. ಹಲ್ಲು-ಕಡಲೆಯ ಗಾದೆಯನ್ನು ನಮ್ಮೂರಲ್ಲಿ ಎಲ್ಲರೂ ಒಂದೊಂದು ಸಲ ಹೇಳಿ ಮುಗಿಸಿದ್ದಾರೆ. ನೀವು ಹೇಳಬೇಡಿ.

ಟ್ರ್ಯಾಕ್ಟರಿನ ಮುಂದಿನ ಲೋಡರ್ ಬಕೆಟ್ಟಿಗೆ ಹಲ್ಲಿನ ಪಟ್ಟಿ ಹಾಕಿಸಿದ್ದು 2024ರ ಫೆಬ್ರವರಿಯಲ್ಲಿ. ಹಿಂದಿನ ವರ್ಷ ಮಳೆ ಕೈಕೊಟ್ಟಿದ್ದು ನೆನಪಿದೆ ಅಲ್ವಾ? ಚನ್ನಗಿರಿ ಕಡೆಯ ನಮ್ಮೂರ ಕೆರೆ ತಳ ಕಂಡಿತ್ತು. ಅಡಿಕೆ ತೋಟಕ್ಕೆ ಗೋಡು, ಅಂದರೆ ಕೆರೆಯ ಹೂಳು ಮಣ್ಣು, ಹೊಡೆಯಲು ಇಂಥ ಸಮಯ ಮತ್ತೆ ಸಿಗಲ್ಲ ಅಂತ ಎಲ್ಲರೂ ಕೆರೆಗೆ ಇಳಿದರು. ನಾನೂ ಇಳಿದೆ. ಒಣಗಿ ಬಿರುಕು ಬಿಟ್ಟ ಗೋಡು ಸುಟ್ಟ ಇಟ್ಟಿಗೆಯ ಹಾಗಿತ್ತು. ಬಕೆಟ್ ಅದರ ಮೇಲೆ ಸುಮ್ನೆ ಜಾರಿಕೊಂಡು ಹೋಗುತ್ತಿತ್ತು. ಇಂಜಿನ್ ಕೂಗುತ್ತದೆ, ಹಿಂದಿನ ಚಕ್ರ ಸುತ್ತುತ್ತದೆ, ಬಕೆಟ್ಟಿನಲ್ಲಿ ಬರುವುದು ಎರಡು ಬುಟ್ಟಿ ಪುಡಿ. ಪಕ್ಕದಲ್ಲಿ ಬಾಡಿಗೆ ಜೆಸಿಬಿ ಗಂಟೆಗೆ ಐದಾರು ಟ್ರಾಲಿ ತುಂಬಿಸುತ್ತಿತ್ತು. ಹೊಟ್ಟೆ ಉರಿಯಿತು.

ಕಾರಣ ಸರಳ. ನೇರ ಅಂಚಿನ ಬಕೆಟ್ ತನ್ನ ಬಲವನ್ನೆಲ್ಲ ಐದೂವರೆ ಅಡಿ ಉದ್ದಕ್ಕೆ ಹಂಚಿಬಿಡುತ್ತದೆ. ಹಲ್ಲಿದ್ದರೆ ಅದೇ ಬಲ ಐದಾರು ಮೊನೆಗೆ ಬಂದು ಕೂರುತ್ತದೆ. ನಮ್ಮದು 50 ಎಚ್‌ಪಿ ಗಾಡಿ. ಇರುವ ಬಲವನ್ನೇ ಜಾಣತನದಿಂದ ಖರ್ಚು ಮಾಡಬೇಕು.

ನನ್ನ ಮುಂದೆ ಎರಡು ದಾರಿ ಇದ್ದವು. ಹಲ್ಲುಗಳನ್ನು ನೇರವಾಗಿ ಬಕೆಟ್ಟಿನ ಅಂಚಿಗೇ ವೆಲ್ಡ್ ಮಾಡಿಸುವುದು ಒಂದು. ಅಗ್ಗ, ಗಟ್ಟಿ, ಅರ್ಧ ದಿನದ ಕೆಲಸ. ಆದರೆ ಅಂಚಿನ ಕಬ್ಬಿಣ ಗಡಸು. ಸರಿಯಾಗಿ ಬಿಸಿ ಮಾಡದೆ ವೆಲ್ಡ್ ಹೊಡೆದರೆ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಆಮೇಲೆ ಕೊಟ್ಟಿಗೆಯ ಕಲ್ಲುಹಾಸಿನ ಮೇಲೆ ಸಗಣಿ ಎಳೆಯಲು ಆ ಬಕೆಟ್ ಬರುವುದೇ ಇಲ್ಲ. ಬೇಕಾದಾಗ ಬೋಲ್ಟ್ ಹಾಕಿ, ಬೇಡದಾಗ ಬಿಚ್ಚುವ ಪಟ್ಟಿ ಇನ್ನೊಂದು ದಾರಿ. ಅದೇ ತಿಂಗಳು ನಮ್ಮಪ್ಪನಿಗೂ ಹಲ್ಲಿನ ಸೆಟ್ ಬಂದಿತ್ತು, ರಾತ್ರಿ ಬಿಚ್ಚಿ ಲೋಟದಲ್ಲಿ ಇಡುವಂಥದ್ದು. ಅದನ್ನು ನೋಡಿಯೇ ಇರಬೇಕು, ನಾನೂ ಬಿಚ್ಚುವ ಹಲ್ಲನ್ನೇ ಆರಿಸಿದೆ.

ವರ್ಕ್‌ಶಾಪಿನವರು ಎಂಟು ಹಲ್ಲು ಹಾಕೋಣ ಅಂದರು. ನಾನು ಆರು ಸಾಕು ಅಂದೆ. ಹಲ್ಲು ಜಾಸ್ತಿಯಾದಷ್ಟೂ ಬಲ ಮತ್ತೆ ಹಂಚಿಹೋಗುತ್ತದೆ. ಈ ವಾದದಲ್ಲಿ ಗೆದ್ದಿದ್ದಕ್ಕೆ ಈಗಲೂ ಖುಷಿ ಇದೆ. ಇನ್ನೊಂದು ಹಟ ಹಿಡಿದೆ: ಹಲ್ಲು ಮಾತ್ರ ಜೆಸಿಬಿಯದ್ದೇ ಆಗಬೇಕು, ಎರಡು ಬೋಲ್ಟಿನಲ್ಲಿ ಕೂರುವಂಥದ್ದು. ಸವೆದರೆ ಚನ್ನಗಿರಿಯಲ್ಲೇ ಸಿಗುತ್ತದೆ, ಯಾರ ಕೈಕಾಲೂ ಹಿಡಿಯಬೇಕಿಲ್ಲ. ಐದು ಸೂತು (ಇಂಚಿಗೆ ಎಂಟು ಸೂತು) ದಪ್ಪದ ಪಟ್ಟಿ, ಎರಡೂ ತುದಿಗೆ ಬಕೆಟ್ಟಿನ ಕೆನ್ನೆಗೆ, ಅಂದರೆ ಪಕ್ಕದ ತಗಡಿಗೆ, ಬೋಲ್ಟ್ ಮಾಡಲು ಒಂದೊಂದು ಕಿವಿ, ಆರು ಹಲ್ಲು. ಎಲ್ಲಾ ಸೇರಿ 13,500 ರೂಪಾಯಿ ಕೊಟ್ಟೆ.

ಅಳತೆಯಲ್ಲಿ ತಪ್ಪಿದ್ದು ನಾನೇ. ಟೇಪನ್ನು ಬಕೆಟ್ಟಿನ ಮೇಲುಗಡೆ ಹಿಡಿದಿದ್ದೆ. ಬಳಸಿ ಬಳಸಿ ಕೆಳಗಡೆ ಕೆನ್ನೆಗಳು ಒಳಕ್ಕೆ ಬಾಗಿದ್ದವು. ಪಟ್ಟಿ ತಂದು ಕೂರಿಸಿದರೆ ಮೂರು ಸೂತು ಜಾಸ್ತಿ! ಗ್ರೈಂಡರ್ ಹಿಡಿದು ಒಂದು ಮಧ್ಯಾಹ್ನ ಕಳೆದೆ. ನೀವು ಅಳೆಯುವುದಾದರೆ ಅಂಚಿನ ಹತ್ತಿರವೇ, ಒಳಗಿನಿಂದ, ಎರಡು ಮೂರು ಕಡೆ ಅಳೆಯಿರಿ. ಕಡಿಮೆ ಬಂದದ್ದನ್ನೇ ಬರೆದುಕೊಳ್ಳಿ.

ಮೊದಲ ದಿನದ ಖುಷಿಯನ್ನು ಏನಂತ ಹೇಳಲಿ. ಗೋಡಿಗೆ ಹಲ್ಲು ತಾಗಿದ ಕೂಡಲೇ ಗಾಡಿ ಮುಂದಕ್ಕೆ ತಗ್ಗಿತು. ಬಕೆಟ್ ಮಡಚಿದೆ, ಕಲ್ಲುಸಕ್ಕರೆ ಮುರಿದ ಹಾಗೆ ಹೆಂಟೆ ಹೆಂಟೆಯಾಗಿ ಎದ್ದು ಬಂತು. ಇನ್ನೊಂದು ಸಂತೋಷ ನಾನು ಎಣಿಸಿರಲೇ ಇಲ್ಲ, ಅದು ತಿಪ್ಪೆಯದ್ದು. ಸೋಗೆ, ಹಾಳೆ, ಹುಲ್ಲು ಎಲ್ಲಾ ಹೆಣೆದುಕೊಂಡ ಹಳೇ ತಿಪ್ಪೆಯನ್ನು ಮೊದಲು ಬಕೆಟ್ ತಳ್ಳುತ್ತಿತ್ತು ಅಷ್ಟೆ. ಈಗ ಹಲ್ಲು ಒಳಗೆ ಹೊಕ್ಕು ಬಾಚಣಿಗೆಯ ಹಾಗೆ ಬಿಡಿಸುತ್ತದೆ. ಮೇ ತಿಂಗಳ ಬೆಳಗ್ಗೆ ಹೊಗೆಯಾಡುವ ಕಪ್ಪು ಗೊಬ್ಬರ ಬಕೆಟ್ ತುಂಬ ಬರುವುದನ್ನು ನೋಡುತ್ತಾ ಟೀ ಆರಿಸಿಕೊಂಡಿದ್ದೇನೆ, ಎಷ್ಟೋ ಸಲ.

ನಾಲ್ಕನೇ ತಿಂಗಳಿಗೆ ಸದ್ದು ಶುರುವಾಯಿತು. ಬಕೆಟ್ ಎತ್ತಿದರೆ ಕಟ್, ಇಳಿಸಿದರೆ ಕಟ್. ಬೋಲ್ಟ್ ಬಿಗಿ ಮಾಡಿದೆ, ವಾರದಲ್ಲಿ ಮತ್ತೆ ಸಡಿಲ. ಬಿಚ್ಚಿ ನೋಡಿದರೆ ಬಕೆಟ್ಟಿನ ಕೆನ್ನೆಯ ತೂತು ಮೊಟ್ಟೆಯಂತೆ ಉದ್ದವಾಗಿತ್ತು. ಆರು ಸೂತಿನ ಬೋಲ್ಟಿಗೆ ವರ್ಕ್‌ಶಾಪಿನ ಹುಡುಗ ಡ್ರಿಲ್ ಹಾಕುವ ಬದಲು ಗ್ಯಾಸಿನಲ್ಲಿ ತೂತು ಕೊಯ್ದಿದ್ದ. ಏಳು ಸೂತಿಗೂ ಜಾಸ್ತಿ, ಅಂಚೆಲ್ಲ ತರಿ ತರಿ. ಪಟ್ಟಿಗೂ ಅಂಚಿಗೂ ನಡುವಿನ ಸಂದಿಯಲ್ಲಿ ಮಣ್ಣು ಗಿಡಿದು ಕಲ್ಲಾಗಿತ್ತು. ಫೋನ್ ಮಾಡಿ ಬೈದೆ. "ಎಲ್ಲರಿಗೂ ಹಿಂಗೇ ಮಾಡೋದಣ್ಣ, ಯಾರೂ ಕಂಪ್ಲೇಂಟ್ ಹೇಳಿಲ್ಲ" ಅಂತ ಉತ್ತರ ಬಂತು. ಆವತ್ತೇ ಈ ವಿಮರ್ಶೆ ಬರೆದಿದ್ದರೆ ಒಂದು ಸ್ಟಾರ್ ಕೊಡುತ್ತಿದ್ದೆ.

ಸಂಜೆ ಜಗಲಿ ಮೇಲೆ ಕೂತು ಗೊಣಗುತ್ತಿದ್ದೆ. ಅಪ್ಪ ಕೇಳಿಸಿಕೊಂಡು, "ನನ್ನ ಸೆಟ್ಟೂ ಅಷ್ಟೇ ಕಣೋ. ಕಚ್ಚಿದರೆ ಕೂತಿರ್ತದೆ, ಎಳೆದರೆ ಕಿತ್ತು ಬರ್ತದೆ. ಅದಕ್ಕೇ ಕಬ್ಬು ಸಿಗಿಯೋದು ಬಿಟ್ಟಿದೀನಿ" ಅಂದರು.

ಮಾತು ಅಲ್ಲೇ ತಲೆಗೆ ಹೋಯಿತು. ಮುಂದಕ್ಕೆ ನುಗ್ಗುವಾಗ ಪಟ್ಟಿ ಬಕೆಟ್ಟಿನ ಅಂಚಿಗೆ ಒತ್ತಿ ಕೂರುತ್ತದೆ, ಭಾರವೆಲ್ಲ ಅಂಚಿಗೆ. ಹಿಂದಕ್ಕೆ ಎಳೆಯುವಾಗ ಅಂಚಿನ ಆಸರೆ ಇಲ್ಲ, ಇಡೀ ಭಾರ ಆ ಎರಡೇ ಬೋಲ್ಟಿನ ಮೇಲೆ. ನಾನು ಮಾಡುತ್ತಿದ್ದದ್ದೇನು? ಪ್ರತಿದಿನ ಕೆಲಸ ಮುಗಿಸಿ ಬರುವಾಗ ಹಲ್ಲು ನೆಲಕ್ಕೆ ಊರಿ, ರಿವರ್ಸ್‌ನಲ್ಲಿ ದಾರಿಯ ಗರಸು ಎಳೆದು ಸಮ ಮಾಡುವುದು. ದಾರಿಯೂ ಸಮವಾಗುತ್ತಿರಲಿಲ್ಲ, ಆರು ಗೆರೆ ಬೀಳುತ್ತಿತ್ತು. ಗ್ಯಾಸಿನ ತೂತು ಅವರ ತಪ್ಪು, ಸರಿ. ಅದನ್ನು ಉದ್ದ ಮಾಡಿದ್ದು ನನ್ನ ಚಟ.

ಊರಿನ ವೆಲ್ಡರ್ ಅಣ್ಣ 900 ರೂಪಾಯಿಗೆ ರಿಪೇರಿ ಮಾಡಿಕೊಟ್ಟ. ಬೋಲ್ಟಿಗೆ ಸರಿಯಾಗಿ ಡ್ರಿಲ್ ಹಾಕಿದ ದಪ್ಪ ಪಟ್ಟಿಯ ತುಂಡನ್ನು ಎರಡೂ ಕೆನ್ನೆಯ ಹೊರಗಡೆ ಬೆಸೆದ. ಪಟ್ಟಿ ಮೇಲೆ ಕೆಳಗೆ ಅಲ್ಲಾಡದಂತೆ ಒಳಗಡೆ ಒಂದೊಂದು ತಡೆಯನ್ನೂ ಹಾಕಿದ. ವೆಲ್ಡಿಂಗ್ ಮುಂಚೆ ಬ್ಯಾಟರಿ ವೈರ್ ಬಿಚ್ಚಿದ, ಅರ್ಥ್ ಕ್ಲಾಂಪನ್ನು ಬಕೆಟ್ಟಿಗೇ ಹಚ್ಚಿದ. ನಿಮ್ಮ ವೆಲ್ಡರ್ ಹೀಗೆ ಮಾಡದಿದ್ದರೆ ನೀವೇ ಹೇಳಿ ಮಾಡಿಸಿ, ಆಲ್ಟರ್ನೇಟರ್ ಉಳಿಯುತ್ತದೆ. ಅಲ್ಲಿಂದ ಇಲ್ಲಿಯವರೆಗೆ ಕಟ್ ಸದ್ದಿಲ್ಲ. ಸಮ ಮಾಡುವಾಗ ಈಗ ಬಕೆಟ್ ಮಡಚಿ ಅದರ ತಳದಿಂದ ಉಜ್ಜುತ್ತೇನೆ.

ಬೆಳಗ್ಗೆ ಒಂದು ಪದ್ಧತಿ ಬಿದ್ದಿದೆ. ಗ್ರೀಸ್ ಗನ್ ಹಿಡಿದು ಲೋಡರ್ ಪಿನ್ನುಗಳನ್ನು ಮುಗಿಸಿ, ಸಣ್ಣ ಸುತ್ತಿಗೆಯಲ್ಲಿ ಹಲ್ಲು ಒಂದೊಂದಕ್ಕೂ ಒಂದೇಟು. ಟಣ್ ಅಂದರೆ ಬಿಗಿ, ಟಪ್ ಅಂದರೆ ಪಾನಾ ತರಬೇಕು. ಆಮೇಲೆ ಹಳೇ ಕಬ್ಬಿಣದ ಸರಳಿನಲ್ಲಿ ಸಂದಿಯ ಮಣ್ಣು ಕೆದಕುವುದು. ಮಗಳು ಇದಕ್ಕೆ ಬ್ರಷ್ ಮಾಡಿಸೋದು ಅಂತಾಳೆ. ಬಿಚ್ಚುವ ದಿನ ಎರಡು ಹಳೇ ಟೈರಿನ ಮೇಲೆ ಬಕೆಟ್ ಇಳಿಸಿ, ಬೋಲ್ಟ್ ತೆಗೆದು, ಗಾಡಿ ಹಿಂದಕ್ಕೆ ತೆಗೆದರೆ ಪಟ್ಟಿ ಅಲ್ಲೇ ಉಳಿಯುತ್ತದೆ. ಹಾಕುವಾಗ ಮನೆಯವಳು ಮುಂದೆ ನಿಂತು "ಎಡಕ್ಕೆ, ಇನ್ನೂ ಎಡಕ್ಕೆ, ಸಾಕ್ ಸಾಕ್" ಅನ್ನಬೇಕು. ಅವಳಿಲ್ಲದೆ ಇವತ್ತಿನವರೆಗೆ ಒಂದೇ ಸಲಕ್ಕೆ ಕೂರಿಸಿಲ್ಲ. ಪಟ್ಟಿ ಐವತ್ತು ಕೆಜಿ ಹತ್ತಿರ ಇದೆ, ಒಬ್ಬರೇ ಎತ್ತುವ ಸಾಹಸ ಬೇಡ. ಅಷ್ಟು ಭಾರ ಲೋಡರ್ ಎತ್ತುವ ಲೆಕ್ಕದಲ್ಲೂ ಕಳೆಯುತ್ತದೆ. ಮುಂದಿನ ಭಾರಕ್ಕೆ ಗಾಡಿ ಮುಗ್ಗರಿಸದ ಹಾಗೆ ಹಿಂದೆ ಸಿಮೆಂಟಿನ ದಿಂಡು ಕಟ್ಟದೆ ಗಾಡಿ ಹೊರಗೆ ತೆಗೆಯುವುದಿಲ್ಲ.

ಮೂಲೆಯ ಎರಡು ಹಲ್ಲು ಬೇಗ ಸವೆಯುತ್ತವೆ. ಅವನ್ನು ಎರಡು ಸಲ ಬದಲಾಯಿಸಿದೆ, ನಡುವಿನವು ಒಂದು ಸಲ. ಕಳೆದ ಬೇಸಿಗೆ ತೋಟದಲ್ಲಿ ಡ್ರಿಪ್ಪಿನ ಮೇನ್ ಪೈಪಿಗೆ ಹಲ್ಲು ಸಿಕ್ಕಿ ಸೀಳಿತು. ಬರೀ ಅಂಚಾಗಿದ್ದರೆ ಪೈಪಿನ ಮೇಲೆ ಜಾರುತ್ತಿತ್ತು. ಮೊಣಕಾಲಿನ ಕೆಳಗೆ ನನಗೊಂದು ಕಲೆಯೂ ಇದೆ. ಕತ್ತಲಲ್ಲಿ ಎಡವಿದ್ದು. ಗಾಡಿ ನಿಲ್ಲಿಸಿದಾಗ ಹಲ್ಲು ನೆಲ ನೋಡುತ್ತಿರಲಿ.

ಇನ್ನೊಂದು ಮಾತು, ಹಲ್ಲು ಬಂತು ಅಂತ ಗಾಡಿ ಜೆಸಿಬಿ ಆಗಲ್ಲ. ಓಡಿಸಿಕೊಂಡು ಬಂದು ಗುದ್ದಬೇಡಿ. ಒಂದೇ ಹಲ್ಲು ಬಂಡೆಗೆ ಸಿಕ್ಕಿದರೆ ಲೋಡರಿನ ತೋಳು ತಿರುಚುತ್ತದೆ. ಲೋ ಗೇರಿನಲ್ಲಿ ಮೆಲ್ಲಗೆ ಊರಿ, ಬಕೆಟ್ ಮಡಚಿ ಕೀಳಿ.

ನನಗೆ ಹಾಕಿದ ದುಡ್ಡು ಜೆಸಿಬಿ ಬಾಡಿಗೆಯ ಲೆಕ್ಕದಲ್ಲಿ ಮೊದಲ ಬೇಸಿಗೆಗೇ ಬಂತು. ನಿಮ್ಮದು ಬರೀ ಮರಳು, ಜಲ್ಲಿ ತುಂಬುವ ಕೆಲಸವಾದರೆ ಬೇಡ, ಬಕೆಟ್ ಇದ್ದ ಹಾಗೇ ಇರಲಿ. ಈಗ ಸದ್ಯದ ತಲೆನೋವು ಅಂದರೆ ಎಡಮೂಲೆಯ ಹಲ್ಲಿನ ಒಂದು ಬೋಲ್ಟಿನ ತಲೆ ಗರಸಿಗೆ ಉಜ್ಜಿ ದುಂಡಗಾಗಿದೆ, ಪಾನಾ ಹಿಡಿಯುತ್ತಿಲ್ಲ. ಭಾನುವಾರ ಅದರ ಮೇಲೊಂದು ನಟ್ ಬೆಸೆದು ತಿರುಗಿಸಿ ನೋಡಬೇಕು.